ಕಾಡಿನ ಎಲೆನಾ, ತೋಟದ ಎಲೆನಾ: ಹರ್ಬಲ್ ಟೀಯ ಆ್ಯಂಟಿಆಕ್ಸಿಡೆಂಟ್ ಲೆಕ್ಕ

(ಇದು ಮಾತಾಡಿದ್ದರ ಬರಹ ರೂಪ. ಸ್ಲೈಡ್‌ಗಳಲ್ಲಿದ್ದ ಗ್ರಾಫುಗಳನ್ನ ಮಾತಲ್ಲೇ ಹೇಳಿದೀನಿ, ಕೊನೆಗೆ ಸಭೇಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೀನಿ. ಉಳಿದಂತೆ ಮಾತಿನ ಧಾಟಿ ಹಾಗೇ ಇದೆ, ತಿದ್ದೋಕೆ ಹೋಗಿಲ್ಲ.)

ಎಲ್ರಿಗೂ ನಮಸ್ಕಾರ. ಹರ್ಬಲ್ ಟೀ ಪ್ಯಾಕೆಟ್ ಮೇಲೆ ಎರಡು ಮಾತು ಜೊತೆಜೊತೆಯಾಗೇ ಬರುತ್ವೆ, ಒಂದು "ಕಾಡಿನಿಂದ ಸಂಗ್ರಹಿಸಿದ್ದು", ಇನ್ನೊಂದು "ಆ್ಯಂಟಿಆಕ್ಸಿಡೆಂಟ್ ಸಮೃದ್ಧ". ಎರಡನ್ನೂ ಪಕ್ಕಪಕ್ಕ ಓದಿದವರಿಗೆ ಕಾಡಲ್ಲಿ ಬೆಳೆದಿದ್ದಕ್ಕೇ ಆ್ಯಂಟಿಆಕ್ಸಿಡೆಂಟ್ ಜಾಸ್ತಿ ಅಂತ ತಾನಾಗೇ ಅನ್ಸುತ್ತೆ. ಹಾಗೆ ಯಾರೂ ಬರೆದಿರಲ್ಲ, ಆದ್ರೆ ಅನ್ಸಲಿ ಅಂತಾನೇ ಬರೆದಿರ್ತಾರೆ! ನಾನು ಇವತ್ತು ಹೇಳ್ಬೇಕು ಅಂತಿರೋದು ಇಷ್ಟೇ: ಕಾಡಾ ತೋಟನಾ ಅನ್ನೋದರಿಂದ ಕಪ್ಪಿನಲ್ಲಿ ಏನಿದೆ ಅಂತ ಗೊತ್ತಾಗಲ್ಲ. ಆ ಗಿಡ ಏನೇನು ಕಷ್ಟ ಪಟ್ಟಿತ್ತು, ಯಾವ ವಂಶದ್ದು, ಕೊಯ್ದ ಮೇಲೆ ಅದನ್ನ ಏನು ಮಾಡಿದ್ರು, ಇವು ಗೊತ್ತಿದ್ರೆ ಸ್ವಲ್ಪ ಹೇಳಬಹುದು. ಹಾಗೇ, ಕಪ್ಪಿನಲ್ಲಿ ಏನಿದೆ ಅಂತ ಗೊತ್ತಾದ್ರೂ ಮೈಯೊಳಗೆ ಏನಾಗುತ್ತೆ ಅನ್ನೋದು ಬೇರೇನೇ ಪ್ರಶ್ನೆ.

ಮೊದಲು ಗಿಡದ ಕಡೆಯಿಂದ ನೋಡೋಣ. ಫ್ರೀ ರ‍್ಯಾಡಿಕಲ್ ಅಂದ್ರೆ ಸುಮ್ಮನಿರದೆ ಬೇರೆ ಅಣುಗಳ ಮೇಲೆ ಬೀಳೋ ಕಣಗಳು, ಅವನ್ನ ತಣ್ಣಗೆ ಮಾಡೋ ವಸ್ತುಗಳಿಗೆ ಆ್ಯಂಟಿಆಕ್ಸಿಡೆಂಟ್ ಅಂತಾರೆ. ಹರ್ಬಲ್ ಟೀಯಲ್ಲಿ ನಾವು ಆ್ಯಂಟಿಆಕ್ಸಿಡೆಂಟ್ ಅಂತ ಕರೆಯೋದು ಬಹುಪಾಲು ಫೀನಾಲಿಕ್ ಸಂಯುಕ್ತಗಳನ್ನ. ಪುದೀನ, ತುಳಸಿ, ಥೈಮ್, ಸೇಜ್, ಲೆಮನ್ ಬಾಮ್ ಇವೆಲ್ಲಾ ಒಂದೇ ಕುಟುಂಬದ ಗಿಡಗಳು, ಇವುಗಳಲ್ಲಿ ರೋಸ್ಮರಿನಿಕ್ ಆ್ಯಸಿಡ್ ದಂಡಿಯಾಗಿರುತ್ತೆ. ಕ್ಯಾಮೊಮೈಲ್ ಹೂವಲ್ಲಿ ಎಪಿಜೆನಿನ್ ಅನ್ನೋ ಫ್ಲೇವನಾಯ್ಡ್ (ಇದೂ ಫೀನಾಲಿಕ್‌ಗಳದ್ದೇ ಒಂದು ಗುಂಪು) ಸಕ್ಕರೆ ಜೊತೆ ಸೇರ್ಕೊಂಡಿರುತ್ತೆ. ಕೆಂಪು ಹಿಬಿಸ್ಕಸ್ ಟೀಗೆ ಆ ಬಣ್ಣ ಕೊಡೋದು ಆಂಥೋಸಯನಿನ್. ಇದನ್ನೆಲ್ಲಾ ಗಿಡ ನಮಗೋಸ್ಕರ ಮಾಡ್ಕೊಂಡಿದ್ದಲ್ಲ ನೋಡಿ. ಬಿಸಿಲಿನ ಅಲ್ಟ್ರಾವಯಲೆಟ್ ತಡ್ಕೊಳ್ಳೋಕೆ, ಹುಳ ತಿನ್ನದ ಹಾಗೆ ಕಹಿಯಾಗೋಕೆ, ಚಳಿ ಹಾಗೂ ಬರದ ಹೊಡೆತಕ್ಕೆ ಪ್ರತಿಕ್ರಿಯೆಯಾಗಿ ಮಾಡ್ಕೊಳ್ಳುತ್ತೆ. ಫಿನೈಲಾಲನಿನ್ ಅನ್ನೋ ಅಮೈನೋ ಆ್ಯಸಿಡ್‌ನಿಂದ ಈ ದಾರಿ ಶುರುವಾಗುತ್ತೆ, ಅದೇ ಫಿನೈಲಾಲನಿನ್ ಪ್ರೊಟೀನ್ ಕಟ್ಟೋಕೂ ಬೇಕು, ಹಾಗಾಗಿ ಬೆಳೀಬೇಕಾ ಕಾಪಾಡ್ಕೋಬೇಕಾ ಅನ್ನೋ ಎಳೆದಾಟ ಗಿಡದೊಳಗೆ ಯಾವಾಗ್ಲೂ ಇದ್ದೇ ಇರುತ್ತೆ.

ಕಾಡಿನ ಗಿಡದ ಪರವಾಗಿ ಇರೋ ಗಟ್ಟಿ ವಾದ ಇದೇ. ಗೊಬ್ಬರ ನೀರು ಚೆನ್ನಾಗಿ ಸಿಕ್ಕ ಗಿಡ ಎಲೆ ಜಾಸ್ತಿ ಬಿಡುತ್ತೆ, ಗ್ರಾಂ ಎಲೆಗೆ ಫೀನಾಲಿಕ್ ಕಮ್ಮಿ ಆಗುತ್ತೆ. 2008ರಲ್ಲಿ ಬೇಸಿಲ್ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ ಇದು ನೀಟಾಗಿ ಕಂಡಿತ್ತು, ಬೇರೆಬೇರೆ ಪ್ರಮಾಣದ ನೈಟ್ರೋಜನ್ ಕೊಟ್ಟು ಬೆಳೆಸಿದಾಗ ಅತೀ ಕಮ್ಮಿ ನೈಟ್ರೋಜನ್ ಸಿಕ್ಕ ಗಿಡಗಳಲ್ಲೇ ರೋಸ್ಮರಿನಿಕ್ ಆ್ಯಸಿಡ್ ಜಾಸ್ತಿ ಇತ್ತು. ಈಗ ಇದನ್ನ ಇನ್ನೊಂದ್ಸಲ ಯೋಚ್ನೆ ಮಾಡಿ, ಆ ಗಿಡಗಳು ಅಷ್ಟೂ ಬೆಳೆಸಿದವೇ, ಒಂದೂ ಕಾಡಿಂದಲ್ಲ. ಅಂದ್ರೆ ವ್ಯತ್ಯಾಸ ತಂದಿದ್ದು ನೈಟ್ರೋಜನ್ ಕೊರತೆ. ತೋಟದಲ್ಲೂ ಗಿಡವನ್ನ ಅರೆಹೊಟ್ಟೇಲಿ ಇಡಬಹುದು, ಕಾಡಲ್ಲೂ ಫಲವತ್ತಾದ ಹೊಳೆದಂಡೇಲಿ ಹೊಟ್ಟೆತುಂಬ ತಿಂದು ಬೆಳೆದ ಗಿಡ ಇರಬಹುದು.

ಬೆಟ್ಟದ ಮೇಲಿನ ಗಿಡ ಒಳ್ಳೇದು ಅಂತ ಇನ್ನೊಂದು ನಂಬಿಕೆ ಇದೆಯಲ್ಲ, ಅದರಲ್ಲಿ ಹುರುಳಿದೆ, ಆದ್ರೆ ಕಾರಣ ಎಲ್ರೂ ಅಂದ್ಕೊಂಡಿದ್ದಲ್ಲ. ಆಸ್ಟ್ರಿಯಾದ ಟೈರೋಲ್‌ನಲ್ಲಿ ಆರ್ನಿಕಾ ಗಿಡದ ಒಂದೇ ತಳಿಯನ್ನ ಸುಮಾರು 600 ಮೀಟರ್‌ನಿಂದ 2200 ಮೀಟರ್‌ವರೆಗೆ ಬೇರೆಬೇರೆ ಎತ್ತರದಲ್ಲಿ ನೆಟ್ಟು ನೋಡಿದ್ರು (ಆರ್ನಿಕಾ ಕುಡಿಯೋ ಗಿಡ ಅಲ್ಲ ಮತ್ತೆ, ಹೊಟ್ಟೆಗೆ ಹೋದ್ರೆ ವಿಷ, ಇಲ್ಲಿ ಉದಾಹರಣೆಗಷ್ಟೇ). ಎತ್ತರ ಹೋದ ಹಾಗೆ ಆ್ಯಂಟಿಆಕ್ಸಿಡೆಂಟ್ ಶಕ್ತಿ ಜಾಸ್ತಿ ಇರೋ ನಮೂನೆಯ ಫ್ಲೇವನಾಯ್ಡ್‌ಗಳ ಪಾಲು ಏರ್ತಾ ಹೋಯ್ತು. ಎಲ್ರೂ ಹೇಳ್ತಿದ್ದಿದ್ದು ಮೇಲೆ ಯುವಿ (ಅಲ್ಟ್ರಾವಯಲೆಟ್) ಜಾಸ್ತಿ ಅದಕ್ಕೇ ಅಂತ. ಆದ್ರೆ ಆಮೇಲೆ ತಾಪಮಾನ ಮತ್ತು ಯುವಿ ಎರಡನ್ನೂ ಬಿಡಿಬಿಡಿಯಾಗಿ ನೋಡಿದಾಗ 2009ರಲ್ಲಿ ಬಂದ ಫಲಿತಾಂಶ ಬೊಟ್ಟು ಮಾಡಿದ್ದು ಚಳಿಯ ಕಡೆಗೆ. ತಾಪಮಾನ ಇಳಿಸಿದ್ರೇನೇ ಆ ಬದಲಾವಣೆ ಬರ್ತಿತ್ತು. ನನಗೆ ಈ ಪ್ರಯೋಗ ತುಂಬಾ ಇಷ್ಟ, ಯಾಕಂದ್ರೆ ತಳಿ ಒಂದೇ ಇಟ್ಕೊಂಡು ಜಾಗ ಮಾತ್ರ ಬದಲಾಯಿಸಿದ್ರು, ಮಾಮೂಲಿ ಹೋಲಿಕೆಗಳಲ್ಲಿ ಎರಡೂ ಒಟ್ಟಿಗೆ ಬದಲಾಗಿಬಿಟ್ಟಿರುತ್ತೆ, ಯಾವುದರಿಂದ ಏನಾಯ್ತು ಅಂತ ಬಿಡಿಸೋಕೇ ಆಗಲ್ಲ.

ಇನ್ನು "ಕಾಡಿನ ಗಿಡ" ಅಂತ ಒಂದೇ ಮಾತಲ್ಲಿ ಹೇಳೋದು ಎಷ್ಟು ಕಷ್ಟ ಅನ್ನೋದಕ್ಕೆ ಥೈಮ್‌ಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ದಕ್ಷಿಣ ಫ್ರಾನ್ಸ್‌ನ ಕಾಡು ಥೈಮ್ ಎಲ್ಲಾ ಒಂದೇ ಜಾತಿ, ಆದ್ರೆ ಸುಗಂಧ ತೈಲದ ಪ್ರಕಾರ ಆರು ರಾಸಾಯನಿಕ ಬಗೆ. ಅದರಲ್ಲಿ ಎರಡು ಬಗೆ ಥೈಮಾಲ್, ಕಾರ್ವಕ್ರಾಲ್ ಮಾಡುತ್ವೆ, ಇವು ಫೀನಾಲ್‌ಗಳು, ಆ್ಯಂಟಿಆಕ್ಸಿಡೆಂಟ್ ಆಗಿ ಚೆನ್ನಾಗಿ ಕೆಲಸ ಮಾಡುತ್ವೆ. ಉಳಿದ ನಾಲ್ಕು ಬಗೆ ಲಿನಲೂಲ್, ಜೆರೇನಿಯಾಲ್ ಇಂಥವು, ಫೀನಾಲ್ ಅಲ್ಲ. ಮೊಂಪೆಲಿಯೆ ಹತ್ರ ಒಂದು ಕಣಿವೆ ಇದೆ, ಚಳಿಗಾಲದಲ್ಲಿ ತಣ್ಣನೆ ಗಾಳಿ ಕೆಳಗೆ ನಿಂತುಬಿಡುತ್ತೆ, ಅಲ್ಲಿ ತಳದಲ್ಲಿ ಫೀನಾಲ್ ಇಲ್ಲದ ಗಿಡಗಳು, ಸುತ್ತಲ ಇಳಿಜಾರಲ್ಲಿ ಫೀನಾಲ್ ಇರೋ ಗಿಡಗಳು, ಎರಡರ ನಡುವೆ ಸ್ವಲ್ಪವೇ ದೂರ. ಫೀನಾಲ್ ಬಗೆಗೆ ಚಳಿಗಾಲದ ಶುರುವಿನ ಗಟ್ಟಿ ಹಿಮ ತಡೆಯೋಕಾಗಲ್ಲ. ಇನ್ನೂ ಸ್ವಾರಸ್ಯ ಅಂದ್ರೆ 1970ರ ದಶಕದಲ್ಲಿ ನೋಡಿದ ಜಾಗಗಳನ್ನೇ ದಶಕಗಳಾದ ಮೇಲೆ ಮತ್ತೆ ಹೋಗಿ ನೋಡಿದ್ರು, ಅಷ್ಟರಲ್ಲಿ ಆ ಥರದ ಗಟ್ಟಿ ಚಳಿ ಕಮ್ಮಿಯಾಗಿತ್ತು, ಮೊದಲು ಇಲ್ಲದ ಕಡೆ ಫೀನಾಲ್ ಗಿಡಗಳು ಬಂದು ಸೇರಿದ್ವು. 2013ರಲ್ಲಿ ಇದು ಪ್ರಕಟ ಆಯ್ತು. ಈಗ ಹೇಳಿ, ಅಲ್ಲಿಂದ ಕಿತ್ತ ಒಂದು ಹಿಡಿ ಥೈಮ್ ತಂದು ಲ್ಯಾಬಲ್ಲಿ ಅಳೆದು "ಕಾಡಿನದ್ದು ಇಂತಿಷ್ಟು" ಅಂತ ಬರೆದ್ರೆ ಅದು ಯಾವ ಕಾಡಿನ ಮಾತು?

ಈ ಕ್ಷೇತ್ರದಲ್ಲಿ ಪೋರ್ಚುಗಲ್‌ನ ಬ್ರಾಗಾನ್ಸಾ ಪಾಲಿಟೆಕ್ನಿಕ್‌ನವರು ತುಂಬಾ ಕೆಲಸ ಮಾಡಿದಾರೆ, "ಯಾರೋ" (yarrow) ಅನ್ನೋ ಹೆಸರಿನ ಗಿಡ (ಅಖಿಲಿಯಾ ಮಿಲ್ಲಿಫೋಲಿಯಂ) ತಗೊಂಡು ಕಾಡಿನ ಸ್ಯಾಂಪಲ್ಲು, ಅಂಗಡಿ ಸ್ಯಾಂಪಲ್ಲು ಎರಡನ್ನೂ ಪಕ್ಕದಲ್ಲಿಟ್ಟು, ಮೆಥನಾಲ್ ಅನ್ನೋ ಆಲ್ಕೋಹಾಲಲ್ಲಿ ತೆಗೆದ ಸಾರ, ಬಿಸಿನೀರಲ್ಲಿ ನೆನೆಸಿದ್ದು, ಕುದಿಸಿದ್ದು ಅಂತ ಮೂರೂ ರೀತಿ ಮಾಡಿ ಅಳೆದಿದಾರೆ. ಹೀಗೆ ಮೂರೂ ಮಾಡೋದು ಬಹಳ ಮುಖ್ಯ, ಯಾಕೆ ಅಂತ ಈಗ ಬರ್ತೀನಿ. ಆದ್ರೆ ಒಟ್ಟಾರೆ ಈ ಥರದ ಪೇಪರ್ ಓದುವಾಗ ನಾನು ಮೊದಲು ನೋಡೋದು ಎಷ್ಟು ಜಾಗದಿಂದ ಸ್ಯಾಂಪಲ್ ತಂದಿದಾರೆ ಅಂತ. ಒಂದು ಬೆಟ್ಟದ ಗಿಡ, ಒಂದು ಬ್ರ್ಯಾಂಡಿನ ಪ್ಯಾಕೆಟ್ ಹೋಲಿಸಿದ್ರೆ ಅದು ಆ ಬೆಟ್ಟದ್ದೂ ಆ ಪ್ಯಾಕೆಟ್‌ದೂ ಕುಸ್ತಿ ಅಷ್ಟೇ, ಕಾಡಿಗೂ ಕೃಷಿಗೂ ಅಲ್ಲ. ಪ್ಯಾಕೆಟ್ ಆಗ್ಲೇ ಗೋಡೌನಲ್ಲಿ ಎಷ್ಟು ತಿಂಗಳು ಕಳೆದಿತ್ತೋ ಏನೋ.

ಈಗ ಮೆಥನಾಲ್ ವಿಷಯ. ಪೇಪರ್‌ಗಳಲ್ಲಿ ಬರೋ ದೊಡ್ಡದೊಡ್ಡ ಅಂಕಿಗಳು ಎಷ್ಟೋ ಸಲ ಮೆಥನಾಲ್ ಅಥವಾ ಎಥನಾಲ್ ಸಾರದವು. ಮನುಷ್ಯರು ಕುಡಿಯೋದು ನೀರು! ನೀರಿಗೆ ರೋಸ್ಮರಿನಿಕ್ ಆ್ಯಸಿಡ್ ಸಲೀಸಾಗಿ ಬರುತ್ತೆ, ಸಕ್ಕರೆ ಹಿಡ್ಕೊಂಡಿರೋ ಫ್ಲೇವನಾಯ್ಡ್‌ಗಳು ಬರುತ್ವೆ, ಆಂಥೋಸಯನಿನ್ ಬರುತ್ತೆ. ವಿಟಮಿನ್ ಇ, ಕ್ಯಾರೋಟಿನ್‌ಗಳು ಎಣ್ಣೆ ಜಾತಿ, ಅವು ಎಲೆಯಲ್ಲೇ ಉಳ್ಕೊಳ್ಳುತ್ವೆ, ನಾವು ಎಲೆ ಸೋಸಿ ಬಿಸಾಕ್ತೀವಿ. ಸುಗಂಧ ತೈಲಗಳು ಹಬೆ ಜೊತೆ ಹೋಗ್ತವೆ, ಅದಕ್ಕೇ ಮುಚ್ಚಿಡಿ ಅನ್ನೋದು. ಆಮೇಲೆ ಅಂಕಿ ಒಣ ಎಲೆಯ ಗ್ರಾಂಗೆ ಲೆಕ್ಕನಾ ಕಪ್ಪಿಗೆ ಲೆಕ್ಕನಾ ಅಂತಾನೂ ನೋಡ್ಬೇಕು, ಒಂದು ಕಪ್ಪಿಗೆ ನಾವು ಹಾಕೋದು ಒಂದೂವರೆ ಎರಡು ಗ್ರಾಂ, ನೂರು ಗ್ರಾಂ ಲೆಕ್ಕದ ಅಂಕಿ ನೋಡಿ ಬೆರಗಾಗೋದ್ರಲ್ಲಿ ಅರ್ಥ ಇಲ್ಲ.

ಕೊಯ್ದ ಮೇಲಿನ ಕತೆ ಇದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ. ಎಲೆ ಕೊಯ್ದ ಕೂಡ್ಲೇ ಸಾಯಲ್ಲ, ಅದರೊಳಗೆ ಪಾಲಿಫೀನಾಲ್ ಆಕ್ಸಿಡೇಸ್ ಅನ್ನೋ ಕಿಣ್ವ ಇರುತ್ತೆ, ಎಲೆ ಜಜ್ಜಿಹೋದ್ರೆ, ಒದ್ದೆ ಒದ್ದೆಯಾಗಿ ಚೀಲದಲ್ಲಿ ಬಿದ್ದಿದ್ರೆ ಅದು ಫೀನಾಲಿಕ್‌ಗಳನ್ನ ತಿಂದು ಕಂದು ಮಾಡಿಬಿಡುತ್ತೆ. ದೂರದ ಕಾಡಿಂದ ಹೊತ್ತು ತರೋ ಎಲೆಗೆ ಈ ಅಪಾಯ ಜಾಸ್ತಿ, ಒಣಗಿಸೋ ಮನೆ ಪಕ್ಕದಲ್ಲೇ ಇರೋ ತೋಟಕ್ಕೆ ಕಮ್ಮಿ. ದಕ್ಷಿಣ ಆಫ್ರಿಕಾದ ರೂಯ್‌ಬೋಸ್ ನೋಡಿ, ಅದರ ವಿಶೇಷ ಅಂದ್ರೆ ಆಸ್ಪಲಾಥಿನ್ ಅನ್ನೋ ವಸ್ತು. ಎಲೆ ಕೊಯ್ದು ಜಜ್ಜಿ ರಾಶಿ ಹಾಕಿ ಹುದುಗಿಸಿದ್ರೆ ಆ ಕೆಂಪು ಬಣ್ಣ, ಸಿಹಿ ವಾಸನೆ ಬರುತ್ತೆ, ಜನಕ್ಕೆ ಇಷ್ಟ ಆಗೋದೂ ಅದೇ, ಆದ್ರೆ ಆಸ್ಪಲಾಥಿನ್ ಬಹುಪಾಲು ಅಲ್ಲೇ ಹೋಗಿಬಿಡುತ್ತೆ. ಹುದುಗಿಸದೆ ಬೇಗ ಒಣಗಿಸಿದ ಹಸಿರು ರೂಯ್‌ಬೋಸ್‌ನಲ್ಲಿ ಅದು ಉಳಿಯುತ್ತೆ. ಅಲ್ಲಿ ರೂಯ್‌ಬೋಸ್ ಕಾಡಲ್ಲೂ ಬೆಳೆಯುತ್ತೆ, ಹೊಲದಲ್ಲೂ ಬೆಳೀತಾರೆ, ಆದ್ರೆ ಕಪ್ಪಿನಲ್ಲಿ ಆಸ್ಪಲಾಥಿನ್ ಎಷ್ಟಿದೆ ಅಂತ ನೀವು ಕೇಳಿದ್ರೆ ನಾನು ತಿರುಗಿ ಕೇಳೋ ಮೊದಲ ಪ್ರಶ್ನೆ ಹಸಿರಾ ಕೆಂಪಾ ಅಂತಲೇ.

ಅಳೆಯೋದು ಹೇಗೆ ಅಂತ ಸ್ವಲ್ಪ ಹೇಳ್ಲೇಬೇಕು, ಬೇಜಾರು ಮಾಡ್ಕೋಬೇಡಿ. ಡಿಪಿಪಿಎಚ್ ಅಂತ ಒಂದು ಸ್ಥಿರ ಫ್ರೀ ರ‍್ಯಾಡಿಕಲ್ ಇದೆ, ಕಡು ನೇರಳೆ ಬಣ್ಣ. ಅದಕ್ಕೆ ನಿಮ್ಮ ಟೀ ಹಾಕಿದ್ರೆ, ಟೀಯಲ್ಲಿರೋ ಫೀನಾಲಿಕ್‌ಗಳು ಹೈಡ್ರೋಜನ್ ಅಥವಾ ಎಲೆಕ್ಟ್ರಾನ್ ಕೊಟ್ರೆ, ನೇರಳೆ ಹೋಗಿ ಹಳದಿ ಆಗುತ್ತೆ. 517 ನ್ಯಾನೋಮೀಟರ್‌ನಲ್ಲಿ ಬಣ್ಣ ಎಷ್ಟು ಇಳೀತು ಅಂತ ನೋಡ್ತಾರೆ. 1958ರಿಂದ ಬಳಕೇಲಿರೋ ವಿಧಾನ, ಅಗ್ಗ, ಸುಲಭ, ಅದಕ್ಕೇ ಎಲ್ರೂ ಮಾಡ್ತಾರೆ. ಅರ್ಧದಷ್ಟು ಬಣ್ಣ ಇಳಿಸೋಕೆ ಎಷ್ಟು ಸಾರ ಬೇಕು ಅಂತ ಒಂದು ಅಂಕಿ ಕೊಡ್ತಾರೆ, ಅದು ಕಮ್ಮಿ ಇದ್ದಷ್ಟೂ ಶಕ್ತಿ ಜಾಸ್ತಿ, ಇದನ್ನ ಉಲ್ಟಾ ಓದ್ಕೊಂಡು ವಾಟ್ಸ್ಯಾಪಲ್ಲಿ ಹಾಕಿರೋರೂ ಇದಾರೆ! 1996ರಲ್ಲಿ ಬಂದ ಫ್ರಾಪ್ ಅನ್ನೋದು ಕಬ್ಬಿಣದ ಅಯಾನಿಗೆ ಎಲೆಕ್ಟ್ರಾನ್ ಕೊಡೋ ಶಕ್ತಿ ಅಳೆಯುತ್ತೆ, ನೀಲಿ ಬಣ್ಣ ಬರುತ್ತೆ. ಒಟ್ಟು ಫೀನಾಲಿಕ್ ಅಳೆಯೋಕೆ ಫೋಲಿನ್ ಸಿಯೋಕಾಲ್ಟು ದ್ರಾವಣ, ಅದಂತೂ ಫೀನಾಲಿಕ್ ಅಲ್ಲದ ವಿಟಮಿನ್ ಸಿ, ಕೆಲವು ಸಕ್ಕರೆಗಳ ಜೊತೆಗೂ ವರ್ತಿಸುತ್ತೆ. ಹಾಗಾಗಿ ಒಂದು ಟೆಸ್ಟಲ್ಲಿ ಕಾಡು ಗೆದ್ದು ಇನ್ನೊಂದರಲ್ಲಿ ತೋಟ ಗೆದ್ರೆ ಆಶ್ಚರ್ಯ ಪಡ್ಬೇಡಿ, ಎರಡೂ ಟೆಸ್ಟು ಕೇಳ್ತಿರೋ ಪ್ರಶ್ನೆ ಬೇರೆಬೇರೆ.

ಮೈಯೊಳಗಿನ ಮಾತಿಗೆ ಬರೋಣ, ನಿಜವಾಗ್ಲೂ ಜನ ಕೇಳೋದು ಇದನ್ನೇ ತಾನೆ. ಟ್ಯೂಬಲ್ಲಿ ನೇರಳೆ ಹಳದಿ ಆಯ್ತು, ರಕ್ತದಲ್ಲೂ ಹಾಗೇ ಆಗುತ್ತಾ? ಟೀಯ ಪಾಲಿಫೀನಾಲ್‌ಗಳಲ್ಲಿ (ಇಷ್ಟೊತ್ತು ಹೇಳಿದ ಫೀನಾಲಿಕ್‌ಗಳೇ) ಕರುಳು ಹೀರಿಕೊಳ್ಳೋದೇ ಸ್ವಲ್ಪ. ಹೀರಿಕೊಂಡಿದ್ದಕ್ಕೂ ಕರುಳು, ಲಿವರ್ ಸೇರಿ ಸಲ್ಫೇಟ್, ಗ್ಲುಕುರೊನೈಡ್ ಅನ್ನೋ ತುಣುಕುಗಳನ್ನ ಅಂಟಿಸಿ ಆಚೆ ಕಳಿಸೋ ತಯಾರಿ ಮಾಡುತ್ವೆ, ಉಳಿದಿದ್ದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲು. ರಕ್ತದಲ್ಲಿ ಸಾಮಾನ್ಯವಾಗಿ ಸಿಗೋದು ಒಂದು ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟಿದೆ ಅನ್ನೋ ಅಳತೆ) ಆಸುಪಾಸು ಅಥವಾ ಅದಕ್ಕಿಂತ ಕಮ್ಮಿ, ಅದೂ ಕೆಲವು ಗಂಟೆ. ಅದೇ ರಕ್ತದಲ್ಲಿ ಯೂರಿಕ್ ಆ್ಯಸಿಡ್ ಅನ್ನೋ ನಮ್ಮದೇ ಆ್ಯಂಟಿಆಕ್ಸಿಡೆಂಟ್ 200ರಿಂದ 400 ಮೈಕ್ರೋಮೋಲಾರ್ ಇರುತ್ತೆ, ವಿಟಮಿನ್ ಸಿ ಸುಮಾರು 50. ಅಷ್ಟರ ಮಧ್ಯೆ ಆ ಒಂದು ಬಂದು ರ‍್ಯಾಡಿಕಲ್‌ಗಳನ್ನ ಹಿಡಿದು ಹಾಕುತ್ತೆ ಅನ್ನೋದು ಲೆಕ್ಕಕ್ಕೆ ಕೂರಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರಾಕ್ (ಟ್ಯೂಬಲ್ಲಿ ಅಳೆದ ಆ್ಯಂಟಿಆಕ್ಸಿಡೆಂಟ್ ಶಕ್ತಿ) ಅಂಕಿಗಳ ದೊಡ್ಡ ಪಟ್ಟಿ ಇಟ್ಟಿತ್ತು, 2012ರಲ್ಲಿ ಅದನ್ನ ವೆಬ್‌ಸೈಟಿಂದ ತೆಗೆದೇಬಿಡ್ತು. ಆ ಅಂಕಿಗೂ ಆರೋಗ್ಯಕ್ಕೂ ನೇರ ಸಂಬಂಧಕ್ಕೆ ಆಧಾರ ಇಲ್ಲ, ಕಂಪನಿಗಳು ಜಾಹೀರಾತಿಗೆ ಅದನ್ನ ದುರುಪಯೋಗ ಮಾಡ್ಕೊಳ್ತಿದಾರೆ ಅನ್ನೋದೇ ಕಾರಣ.

ಆ್ಯಂಟಿಆಕ್ಸಿಡೆಂಟ್ ಅಂದ್ರೆ ಎಷ್ಟು ಜಾಸ್ತಿ ಅಷ್ಟು ಒಳ್ಳೇದು ಅನ್ನೋ ಮಾತಿಗೆ ದೊಡ್ಡ ಪೆಟ್ಟು ಬಿದ್ದಿದ್ದು ಟೀಯಿಂದಲ್ಲ, ಮಾತ್ರೆಯಿಂದ. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗ, 1994ರಲ್ಲಿ ಫಲಿತಾಂಶ ಬಂತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಅನ್ನೋ ಆ್ಯಂಟಿಆಕ್ಸಿಡೆಂಟ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಆಗಿತ್ತು, ಕಮ್ಮಿ ಆಗುತ್ತೆ ಅಂತ ಕಾಯ್ತಿದ್ರು. ಒಂದು ಕಪ್ ಕ್ಯಾಮೊಮೈಲ್‌ಗೂ ಇದಕ್ಕೂ ಹೋಲಿಕೆ ಇಲ್ಲ, ಹೆದರ್ಬೇಡಿ, ಹೇಳಿದ್ದು ಯಾಕಂದ್ರೆ ಫ್ರೀ ರ‍್ಯಾಡಿಕಲ್ ಅಂದ್ರೆ ಬರೀ ಶತ್ರು ಅಲ್ಲ, ಜೀವಕೋಶಗಳು ಸಂದೇಶ ಕಳಿಸೋಕೂ, ಸೋಂಕಿನ ವಿರುದ್ಧ ಹೋರಾಡೋಕೂ ಅದನ್ನೇ ಬಳಸುತ್ವೆ.

ಹಾಗಾದ್ರೆ ಹರ್ಬಲ್ ಟೀಯಿಂದ ಏನೂ ಇಲ್ವಾ? ಇದೆ, ಆದ್ರೆ ದಾರಿ ಬೇರೆ ಇರೋ ಹಾಗಿದೆ. ಫೀನಾಲಿಕ್‌ಗಳು ಜೀವಕೋಶದೊಳಗೆ ಸಣ್ಣ ಕಿರಿಕಿರಿ ಮಾಡಿ ಎನ್‌ಆರ್‌ಎಫ್2 ಅನ್ನೋ ಪ್ರೊಟೀನನ್ನ ಎಬ್ಬಿಸುತ್ವೆ, ಅದು ನಮ್ಮದೇ ರಕ್ಷಣಾ ಕಿಣ್ವಗಳ ಜೀನ್‌ಗಳನ್ನ ಆನ್ ಮಾಡುತ್ತೆ ಅನ್ನೋ ವಿವರಣೆಗೆ ಈಗ ಜಾಸ್ತಿ ಒಲವು. ಇದೂ ಬಹುಪಾಲು ಜೀವಕೋಶ, ಪ್ರಾಣಿಗಳ ಮಟ್ಟದ ಪುರಾವೆ. ಮನುಷ್ಯರ ಮೇಲಿನ ಒಳ್ಳೆ ಪ್ರಯೋಗಗಳಲ್ಲಿ ನನಗೆ ನೆಚ್ಚಿಕೊಳ್ಳೋ ಹಾಗಿರೋದು ಹಿಬಿಸ್ಕಸ್‌ದು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ್ದು, ಬಿಪಿ ಸ್ವಲ್ಪ ಜಾಸ್ತಿ ಇದ್ದ 65 ಜನ, ದಿನಕ್ಕೆ ಮೂರು ಕಪ್, ಆರು ವಾರ. ಮೇಲಿನ ಬಿಪಿ ಸರಾಸರಿ 7.2 ಪಾಯಿಂಟ್ ಇಳೀತು, ಅದೇ ಬಣ್ಣ ರುಚಿಯ ಡಮ್ಮಿ ಪಾನೀಯ ಕುಡಿದವರಲ್ಲಿ 1.3. ಇದು ಆ್ಯಂಟಿಆಕ್ಸಿಡೆಂಟ್ ಗುಣದಿಂದಾನೇ ಆಗಿದ್ದು ಅಂತ ಹೇಳೋಕಾಗಲ್ಲ, ರಕ್ತನಾಳ ಬಿಗಿ ಮಾಡೋ ಕಿಣ್ವವನ್ನ ಹಿಬಿಸ್ಕಸ್ ಸ್ವಲ್ಪ ತಡೆಯುತ್ತೆ ಅನ್ನೋ ಊಹೆ ಬಲವಾಗಿದೆ. ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟರಿಗೆ ಹೇಳಿ ಕುಡೀರಿ ಅಷ್ಟೇ.

ಇನ್ನು ಪ್ರಶ್ನೆಗಳು. ಎಷ್ಟು ನಿಮಿಷ ನೆನೆಸ್ಬೇಕು ಅಂತ ಮೊದಲನೆಯವರೇ ಕೇಳಿದ್ರು. ಎಲೆ, ಹೂವಿಗೆ ಕುದಿಯೋ ನೀರು ಹಾಕಿ ಮುಚ್ಚಿ ಐದರಿಂದ ಹತ್ತು ನಿಮಿಷ, ಬರೋದು ಬಹುಪಾಲು ಅಷ್ಟರಲ್ಲಿ ಬಂದಿರುತ್ತೆ. ಪುಡಿ ಇರೋ ಟೀ ಬ್ಯಾಗಲ್ಲಿ ಇನ್ನೂ ಬೇಗ. ತೊಗಟೆ, ಬೇರು ಗಟ್ಟಿ, ಅವನ್ನ ಕುದಿಸಿ ಕಷಾಯವೇ ಮಾಡ್ಬೇಕು. ಎಲೇನ ಗಂಟೆಗಟ್ಟಲೆ ಕುದಿಸಿದ್ರೆ ಕೆಲವು ಫೀನಾಲಿಕ್ ಒಡೆದೂ ಹೋಗುತ್ವೆ, ಕಹೀನೂ ಜಾಸ್ತಿ.

ಕಾಡಿನದ್ದು ಕೆಮಿಕಲ್ ಇಲ್ದೇ ಇರುತ್ತಲ್ಲ, ಸೇಫ್ ಅಲ್ವಾ ಅಂತ ಇನ್ನೊಬ್ರು. ಕೀಟನಾಶಕದ ಮಟ್ಟಿಗೆ ಸರಿ ಇರಬಹುದು. ಆದ್ರೆ ಗುರುತು ತಪ್ಪಿದ್ರೆ ಏನು ಗತಿ? ಕಾಂಫ್ರಿ ಅನ್ನೋ ಗಿಡ ಅಂದ್ಕೊಂಡು ವಿಷದ ಗಿಡವಾದ ಫಾಕ್ಸ್‌ಗ್ಲವ್ ಎಲೆ ಕಿತ್ತು ಟೀ ಮಾಡ್ಕೊಂಡು ಹೃದಯದ ಬಡಿತ ಹಾಳಾಗಿ ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ, ಹೂ ಬಿಡೋ ಮುಂಚೆ ಎರಡೂ ಎಲೆ ಒಂದೇ ಥರ ಕಾಣುತ್ವೆ. ಹಾಗಂತ ತೋಟ ಪೂರ್ತಿ ಸೇಫ್ ಅಂತಲ್ಲ. 2013ರಲ್ಲಿ ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಮಾರ್ಕೆಟ್ಟಿನ ಹರ್ಬಲ್ ಟೀಗಳಲ್ಲಿ ಲಿವರ್‌ಗೆ ಕೆಟ್ಟದಾದ ಪಿರೋಲಿಜಿಡೀನ್ ಆಲ್ಕಲಾಯ್ಡ್‌ಗಳು ಸಿಕ್ಕಿವೆ ಅಂತ ಹೇಳಿತ್ತು. ಅವು ಟೀ ಗಿಡದ್ದಲ್ಲ, ಹೊಲದಲ್ಲಿ ಜೊತೆಗೆ ಬೆಳೆದು ಯಂತ್ರದ ಕೊಯ್ಲಲ್ಲಿ ಸೇರ್ಕೊಂಡ ಕಳೆಗಳದ್ದು. ಆಮೇಲೆ ಯುರೋಪಿಯನ್ ಒಕ್ಕೂಟ ಇದಕ್ಕೆ ಮಿತಿ ತಂತು, 2022ರ ಜುಲೈಯಿಂದ ಜಾರಿ. ಹಾಗೇ, ಎಲ್ರಿಗೂ ಕಾಡಿನದ್ದೇ ಬೇಕು ಅಂತ ಹೊರಟ್ರೆ ಕಾಡಲ್ಲಿ ಗಿಡ ಉಳಿಯಲ್ಲ, ಬೇರು ಸಮೇತ ಕಿತ್ತ ಜಾಗದಲ್ಲಿ ಮುಂದಿನ ವರ್ಷ ಏನಿರುತ್ತೆ?

ಕೊನೇ ಪ್ರಶ್ನೆ ಕೇಳಿದವರಿಗೆ ರಕ್ತಹೀನತೆ ಇತ್ತು, ಗ್ರೀನ್ ಟೀ ಬಿಟ್ಟು ಪುದೀನ ಟೀ ಶುರು ಮಾಡಿದೀನಿ, ಇದರಿಂದ ಕಬ್ಬಿಣಾಂಶಕ್ಕೆ ತೊಂದ್ರೆ ಇಲ್ವಲ್ಲ ಅಂದ್ರು. ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇದೇ ಪಾಲಿಫೀನಾಲ್‌ಗಳು ಸಸ್ಯಾಹಾರದ ಕಬ್ಬಿಣವನ್ನ ಹೊಟ್ಟೇಲೇ ಹಿಡ್ಕೊಂಡುಬಿಡುತ್ವೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಡ್ ಊಟದ ಜೊತೆ ಪೆಪ್ಪರ್‌ಮಿಂಟ್ ಟೀ ಕುಡಿದಾಗ ಕಬ್ಬಿಣ ಹೀರಿಕೊಳ್ಳೋದು ಶೇ. 84ರಷ್ಟು ಕಮ್ಮಿ ಆಗಿತ್ತು, ಕ್ಯಾಮೊಮೈಲ್‌ಗೆ ಶೇ. 47, ಬ್ಲ್ಯಾಕ್ ಟೀಗೆ ಶೇ. 79ರಿಂದ 94. ಪುದೀನಾದ್ದು ಬ್ಲ್ಯಾಕ್ ಟೀಗೆ ಸರಿಸಮ! ಅಂದ್ರೆ ಟೆಸ್ಟಲ್ಲಿ ಫೀನಾಲಿಕ್ ಜಾಸ್ತಿ ಬಂದ ಟೀಯೇ ನಿಮಗೆ ಜಾಸ್ತಿ ತೊಂದ್ರೆ ಕೊಡಬಹುದು, ಕಾಡಿನದ್ದಾದ್ರೂ ಅಷ್ಟೇ ತೋಟದ್ದಾದ್ರೂ ಅಷ್ಟೇ. ಕುಡಿಯೋದು ಬಿಡ್ಬೇಕಿಲ್ಲ, ಊಟದ ಜೊತೆ, ಐರನ್ ಮಾತ್ರೆ ಜೊತೆ ಬೇಡ, ಊಟಕ್ಕೂ ಟೀಗೂ ನಡುವೆ ಒಂದೆರಡು ಗಂಟೆ ಬಿಡಿ, ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋದು) ಕೂಡ ನೋಡಿಸಿ ಅಂತ ಅವರಿಗೆ ಹೇಳ್ದೆ.